ಫೆನಿ ಹಚ್ಚಿ ತಿಕ್ಕಿದ ಮಾನಿಟರು

ಮಾನಿಟರು ಒರೆಸುವುದು ಎಂಥ ಮಹಾ ಕೆಲಸ? ಗೋವಾದ ಕುಂಡಯಿಯ ಕಾರ್ಖಾನೆಯಲ್ಲಿ ದಿನವೂ ಯಂತ್ರಗಳ ಜಿಡ್ಡು ತೆಗೆಯುವ ಮನುಷ್ಯ ನಾನು. ಮ್ಹಾಪಸಾ ಸಂತೆಯಲ್ಲಿ ಕೊಂಡ ಹಳೆಯ ಗಾಜಿನ ಮಾನಿಟರು ನನಗೆ ಯಾವ ಲೆಕ್ಕ!

ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಆ ಗಾಜಿಗೆ ಬಳಿದಿದ್ದ ಲೇಪ ಅಲ್ಲಲ್ಲಿ ಕಿತ್ತುಹೋಗಿತ್ತು. ಮಬ್ಬಿನಲ್ಲಿ ನೋಡಿದರೆ ಎರಡು ಕಣ್ಣುಗುಳಿ, ತೆರೆದ ಒಂದು ಬಾಯಿ.

“ರೀ, ಆ ಮಾರಿ ನನ್ನ ನೋಡಾಕತ್ತೈತ್ರಿ,” ಎಂದಳು ಹೆಂಡತಿ ಶಾಂತವ್ವ. “ಸಂಜಿಕ ವಿಜಯಪುರದವರು ವಿಡಿಯೋದಾಗ ನಮ್ಮ ಸವಿತಾನ್ನ ನೋಡಾವ್ರು. ಈ ಸಂಬಂಧ ತಪ್ಪಿದ್ರ ನಿಮ್ಮನ್ನ ಬಿಡೂದಿಲ್ಲ!”

ಮಗಳ ಮದುವೆಯ ಪ್ರಶ್ನೆ! ಲೇಪವನ್ನು ಪೂರ್ತಿ ಎಬ್ಬಿಸಿಬಿಡುವುದೆಂದು ನಿಶ್ಚಯಿಸಿದೆ. ಅದಕ್ಕೆ ಸ್ಪಿರಿಟ್ ಬೇಕಂತೆ. ಗೋವಾದಲ್ಲಿ ಅದಕ್ಕೇನು ಬರ? ಮನೆ ಮಾಲಕಿಯಿಂದ ಒಂದು ಬಾಟಲಿ ಫೆನಿ, ಗೇರುಹಣ್ಣಿನ ಸಾರಾಯಿ, ಬಂತು.

ಅಡ್ಡ ಬರುತ್ತಿದ್ದ ಸ್ಪೀಕರಿನ ವೈರು ಕಿತ್ತು, ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಅರಿವೆ ಹಿಡಿದು ತಿಕ್ಕಲು ಕುಳಿತೆ. ಹೊರಗೆ ಮಳೆಗತ್ತಲು. ತಿಕ್ಕಿದಷ್ಟೂ ಕಣ್ಣುಗುಳಿಗಳು ಅಗಲವಾದವು. ಬಾಯಿ ಕಿವಿಯ ತನಕ ಹರಿಯಿತು. ಬೆನ್ನ ಹಿಂದೆ ಯಾರೋ ಉಸಿರುಬಿಟ್ಟಂತಾಯಿತು. ತಿರುಗಿ ನೋಡಿದೆ. ಯಾರೂ ಇಲ್ಲ.

ಲೇಪ ಎಷ್ಟು ಹೋಗಿದೆ ನೋಡೋಣವೆಂದು ಕಂಪ್ಯೂಟರ್ ಹಚ್ಚಿ ಮತ್ತೆ ತಿಕ್ಕತೊಡಗಿದೆ. ಮೊಣಕೈ ಮೌಸಿನ ಮೇಲೆ ಕುಣಿಯುತ್ತಿದ್ದುದು ನನಗೆ ಗೊತ್ತೇ ಇಲ್ಲ.

ಗಾಜಿನೊಳಗೆ ಒಬ್ಬ ಹೆಂಗಸು ಎದ್ದು ಬಂದಳು!

ಹಣೆ ತುಂಬ ಕುಂಕುಮ. ಕಣ್ಣಿರಬೇಕಾದಲ್ಲಿ ಬರೀ ಕಲೆ. ತುಟಿ ಅಲ್ಲಾಡುತ್ತಿದೆ, ದನಿಯಿಲ್ಲ.

“ಯಾರ್ ನೀ? ಹೋಗ್, ಹೋಗ್!” ಎಂದು ಒದರುತ್ತ ಫೆನಿಯ ಅರಿವೆಯಿಂದ ಅವಳ ಮುಖ ತಿಕ್ಕಿದೆ. ಅವಳು ಹಿಂದೆ ಸರಿದಳು. ಗೆದ್ದೆ!

ಸವಿತಾ ಓಡಿಬಂದು ಸ್ಪೀಕರಿನ ವೈರು ಸಿಕ್ಕಿಸಿದಳು.

“ಯವ್ವಾ! ಇವರೇನ್ರಿ ಹುಡುಗೀ ಅಪ್ಪ? ಕೈಯಾಗ ಬಾಟ್ಲಿ ಹಿಡಕೊಂಡು ನನಗ ಹೋಗ್ ಅನ್ನಾಕತ್ತಾರ! ಕುಡದಾರೇನು?”

ವರನ ತಾಯಿ! ಸಂಜೆಯ ತನಕ ತಡೆಯಲಾರದೆ ಆಗಲೇ ಕರೆ ಮಾಡಿದ್ದರು. ನನ್ನ ಮೊಣಕೈ ಅದನ್ನು ಸಾದರವಾಗಿ ಸ್ವೀಕರಿಸಿತ್ತು.

ಶಾಂತವ್ವ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಕುಡುಕನ ಮಗಳನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಸೆರಗು ಸರಿಪಡಿಸಿಕೊಂಡು ಮಾನಿಟರಿನ ಮೇಲಿದ್ದ ಕ್ಯಾಮೆರಾದ ಮುಂದೆ ಬಂದಳು.

“ಇಲ್ರೀ ಅಕ್ಕಾರ, ನಮ್ಮ ಮನಿಯವರು ಒಂದ್ ಹನಿ ಮುಟ್ಟೂದಿಲ್ರಿ. ಅವರಿಗೆ ಗಾಳಿ ಬಡದೈತ್ರಿ!”

ಗಾಜಿನೊಳಗಿನ ಮುಖ ಮೆತ್ತಗಾಯಿತು. “ಅಯ್ಯ, ಮೊದಲ ಹೇಳಬಾರದೇನ್ರಿ? ನಮ್ಮ ಮಾವನವರಿಗೂ ಬಡದಿತ್ತು. ಭಾಳ ಸಾಧು ಮಂದಿಗೇ ಬಡಿಯೂದದು.”

ಲೇಪದ ವಿಷಯ ವಿವರಿಸೋಣವೆಂದು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು. “ಹೂಂ…” ಎಂದು ನರಳಿದೆ. ಅದೇ ಪುರಾವೆಯಾಯಿತು!

ಸಂಬಂಧ ಕೂಡಿಬಂತು. ನಿಶ್ಚಯದ ದಿನ ಬೀಗರೆಲ್ಲ ಸಾಲಾಗಿ ಬಂದು ನನ್ನ ಮುಂದೆ ಕೈ ಮುಗಿದರು. ನಾನೂ ಎದೆಯುಬ್ಬಿಸಿ ಮುಗಿದೆ. ಅವರು ಕೈ ಮುಗಿದದ್ದು ನನ್ನೊಳಗೆ ಹೊಕ್ಕ ಗಾಳಿಗೆ ಎಂದು ಊಟದ ಪಂಕ್ತಿಯಲ್ಲಿ ತಿಳಿಯಿತು!