ಡೈ, ಕಲ್ಲು, ಗಾಳಿ

ಎಲ್ಲರ ಒಳಗೂ ಕೂತು ಎಲ್ಲವನ್ನೂ ನೋಡುವ ಸ್ವಾಮಿಗೆ ಮೊದಲ ನಮಸ್ಕಾರ. ಅವನಿಗೆ ಯಂತ್ರ ಬೇಡ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿರುವ ನನಗೆ ಬೇಕು. ನಾವು ಹೇಳುವುದೊಂದು, ಜನ ಕೇಳಿಸಿಕೊಳ್ಳುವುದೊಂದು. ಇದು ನಡೆಯುತ್ತಲೇ ಇರುತ್ತದೆ. ಚಿಕ್ಕಜಾಲದ ಯಜಮಾನರೊಬ್ಬರ ವಿಷಯದಲ್ಲಂತೂ ಕೇಳಲೇಬೇಡಿ.

ಡೈ

ಆಪರೇಷನ್ನಿನ ಹಿಂದಿನ ದಿನ ಅವರಿಗೆ ವಿವರಿಸಿದೆ. "ಪಿತ್ತಕೋಶ ತೆಗೆಯುವಾಗಲೇ ಪಿತ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೀತೀವಿ. ನಾಳದಲ್ಲೂ ಕಲ್ಲಿದ್ರೆ ಗೊತ್ತಾಗುತ್ತೆ."

ಯಜಮಾನರು ತಮ್ಮ ಬಿಳಿ ಮೀಸೆ ಸವರಿಕೊಂಡರು. "ಮೊಮ್ಮಗಳ ಮದ್ವೆ ಐತೆ. ಮಿಕ್ಕಿದ್ರೆ ಇದಕ್ಕೂ ಒಂದ್ ಕೈ ಆಕ್ಬುಡಪ್ಪ."

ಪಕ್ಕದಲ್ಲಿದ್ದ ಹೆಂಡತಿಗೆ ಗಾಬರಿ. "ಒಳಗೂ ನರೆತೋಗೈತಾ ಇವ್ರಿಗೆ?"

ಕಲ್ಲು

ಡೈ ಬಿಟ್ಟಾಗ ನಾಳದಲ್ಲಿ ಕಲ್ಲು ಕಂಡೇಬಿಟ್ಟಿತು. ಸರ್ಜನ್ ಅದನ್ನು ತೆಗೆದು, ನಾಳಕ್ಕೊಂದು ಸಣ್ಣ ಟ್ಯೂಬ್ ಇಟ್ಟು, ಅದರ ತುದಿಯನ್ನು ಹೊಟ್ಟೆಯಿಂದ ಹೊರಗೆ ಬಿಟ್ಟರು. ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಯಜಮಾನರ ಹೆಂಡತಿಗೆ ತೋರಿಸಿದೆ.

ನಿಟ್ಟುಸಿರು ಬಿಟ್ಟು ಅಂದರು: "ಇರೋ ಒಲಾನೆಲ್ಲಾ ಸೈಟ್ ಮಾಡಿ ಮಾರಾಕೆ ಕಲ್ಲು ನೆಟ್ರು ಕಣಪ್ಪ. ಜಾಗ ಸಾಲ್ದೆ ಒಟ್ಟೇಗೂ ನೆಟ್ಕೊಂಡವ್ರೆ."

ಗಾಳಿ

ಕೆಲವು ದಿನಗಳ ಮೇಲೆ ಟ್ಯೂಬ್ ತೆಗೆಯುವ ಸಮಯ ಬಂತು. ಅದಕ್ಕೂ ಮುಂಚೆ ಅದರ ಮೂಲಕವೇ ಮತ್ತೆ ಡೈ ಬಿಟ್ಟು ನೋಡಬೇಕು. ಮದುವೆ ಮುಂದಿನ ವಾರ. ಕಲ್ಲು ಉಳಿದಿದ್ದರೆ ಟ್ಯೂಬೂ ಉಳಿಯುತ್ತದೆ, ಯಜಮಾನರೂ ಆಸ್ಪತ್ರೆಯಲ್ಲೇ ಉಳಿಯುತ್ತಾರೆ.

ಪರದೆಯ ಮೇಲೆ ಪಿತ್ತನಾಳ ಎಲೆ ಉದುರಿದ ಮರದ ಹಾಗೆ ಕಾಣುತ್ತದೆ. ಎಕರೆಗಟ್ಟಲೆ ಭೂಮಿ ಇದ್ದವರದ್ದೂ ಹಾಗೆಯೇ, ಏನೂ ಇಲ್ಲದವರದ್ದೂ ಹಾಗೆಯೇ. ಅದನ್ನು ನೋಡಿದಾಗಲೆಲ್ಲ ನನ್ನ ತಲೆ ತಾನಾಗಿ ಬಾಗುತ್ತದೆ. ಅಂದು ಆ ಮರದಲ್ಲೊಂದು ದುಂಡು ಚುಕ್ಕೆ. ಉಳಿದ ಕಲ್ಲೇ ಇರಬೇಕು ಅನ್ನಿಸಿತು. ನಾನು ಒಳಗೊಳಗೇ ದೇವರ ನಾಮ ಹೇಳತೊಡಗಿದೆ.

ಡಾಕ್ಟರು ಟೇಬಲ್ಲಿನ ತಲೆಕಡೆಯನ್ನು ಎತ್ತಿಸಿದರು. ಚುಕ್ಕೆ ಮೆಲ್ಲಗೆ ಮೇಲಕ್ಕೆ ತೇಲಿತು. ಕಲ್ಲಾಗಿದ್ದರೆ ಕೆಳಗಿಳಿಯಬೇಕಿತ್ತು; ಇದು ಡೈ ಜೊತೆ ಒಳಹೋದ ಗಾಳಿಗುಳ್ಳೆ. "ನಾಳ ಚೆನ್ನಾಗಿದೆ, ಟ್ಯೂಬ್ ತೆಗೀಬಹುದು" ಅಂದರು.

ಸಂತೋಷದಲ್ಲಿ ಬಾಗಿಲು ತೆರೆದು ಹೊರಗೆ ಕಾಯುತ್ತಿದ್ದ ಆ ತಾಯಿಗೆ ಹೇಳಿದೆ, "ಕಲ್ಲಲ್ಲಮ್ಮ, ಬರೀ ಗಾಳಿ."

ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ, ಯಾವ್ ಗಾಳಿ ಮೆಟ್ಕೊಂತಪ್ಪ? ಗಂಡೋ, ಹೆಣ್ಣೋ?"

ದೆವ್ವವಲ್ಲ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಟೇಬಲ್ ಮೇಲಿಂದ ಯಜಮಾನರ ದನಿ ಬಂತು. "ಹೆಣ್ಣಾದ್ರೆ ಇರ್ಲಿ ಬುಡಪ್ಪ, ಬಿಡಿಸ್ಬ್ಯಾಡ."

ಇದನ್ನು ಕೇಳಿದ ನಿಮ್ಮೆಲ್ಲರ ಒಳಗೆ ಹರಿಯಬೇಕಾದ್ದು ತಡೆಯಿಲ್ಲದೆ ಹರಿಯಲಿ, ನಗುವೂ ಎಲ್ಲೂ ಕಟ್ಟಿಕೊಳ್ಳದಿರಲಿ. ಸ್ವಾಮಿ ಕಾಯಲಿ.