ಗಾಡಿಗೆ ಅಡ್ಡ ನಿಂತವರು

ಕಾರು ಇಲ್ಲದವನಿಗೆ ಕಾರಿನ ವಿಷಯದಲ್ಲಿ ಇರುವಷ್ಟು ಜ್ಞಾನ ಕಾರು ಇದ್ದವನಿಗೆ ಇರುವುದಿಲ್ಲ. ಇದ್ದವನಿಗೆ ಪೆಟ್ರೋಲಿನ ಚಿಂತೆ, ಟೈರಿನ ಚಿಂತೆ, ಓಣಿಯವರು ಯಾರ ಮದುವೆಗೆ ಕೇಳಲು ಬಂದಾರೋ ಎಂಬ ಚಿಂತೆ. ಇಲ್ಲದವನಿಗೆ ಈ ತಾಪತ್ರಯ ಒಂದೂ ಇಲ್ಲ. ಅವನು ನಿಂತ ಕಾರಿಗೆ ಪ್ರದಕ್ಷಿಣೆ ಹಾಕುತ್ತ ಅದರ ಬೆನ್ನಿನ ಇಳಿಜಾರನ್ನೂ ದೀಪದ ಸುತ್ತಲಿನ ಹೊಳೆಯುವ ಬಳೆಯನ್ನೂ ಮನಸಾರೆ ಮೆಚ್ಚಬಹುದು. ನಾನು ಈ ಎರಡನೆಯ ಪಂಗಡದವನು. ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ನನ್ನ ಹೆಸರಿನಲ್ಲಿದ್ದ ವಾಹನವೆಂದರೆ ಮೊದಲು ಒಂದು ಸೈಕಲ್ಲು, ಆಮೇಲೆ ಒಂದು ಸ್ಕೂಟರು. ಆದರೆ ನನ್ನ ಆಲ್ಬಮ್ಮಿನಲ್ಲಿರುವಷ್ಟು ಕಾರು ಊರಿನ ಯಾವ ಸಾಹುಕಾರನ ಮನೆಯಲ್ಲೂ ಇಲ್ಲ. ನಿಂತ ಕಾರಿನ ಫೋಟೋ ತೆಗೆಯುವುದು ನನ್ನ ಚಟ. ಓಡುವ ಕಾರಿನ ಫೋಟೋ ತೆಗೆಯುವಷ್ಟು ಚುರುಕು ನನ್ನ ಕ್ಯಾಮೆರಾಕ್ಕೂ ಇರಲಿಲ್ಲ, ನನಗೂ ಇರಲಿಲ್ಲ. "ಮಂದಿ ಕಾರಿಗೆ ಇಷ್ಟು ರೀಲು ಹಾಕ್ತೀರಲ್ರೀ, ನಂದೊಂದು ಛಲೋ ಫೋಟೋ ತಗದೀರೇನು?" ಎಂದು ಹೆಂಡತಿ ಸುಧಾ ಕೇಳುತ್ತಿದ್ದಳು. "ಕಾರು ಒಂದು ಕಡೆ ಸುಮ್ಮನೆ ನಿಂದರ್ತದ, ನೀ ನಿಂದರ್ತೀ ಏನು?" ಎಂದು ನಾನು ಕೇಳಿದ ದಿನ ರಾತ್ರಿ ಊಟಕ್ಕೆ ಬರೀ ಅನ್ನ ಮಜ್ಜಿಗೆ.

ಈ ಚಟದ ಬೇರು ಕಮಲಾಪುರದಲ್ಲಿದೆ. ಅಲ್ಲಿ ನಮ್ಮ ತಾಯಿಯ ತಮ್ಮ ಶಾಮಮಾಮಾನ ಮನೆ. ಮಾಮಾ ವಕೀಲ, ದಿನಾ ಬೆಳಿಗ್ಗೆ ತನ್ನ ಬೆಣ್ಣೆ ಬಣ್ಣದ ಅಂಬಾಸಿಡರಿನಲ್ಲಿ ಕಲಬುರಗಿಯ ಕೋರ್ಟಿಗೆ ಬರುತ್ತಿದ್ದ. ಡಿಕ್ಕಿಯಲ್ಲಿ ಕಾಗದಪತ್ರದ ಗಂಟು, ಅದರ ಪಕ್ಕದಲ್ಲಿ ಊರಿನ ನೆಂಟರಿಗೆಂದು ಮಾಮಿ ಕಳಿಸಿದ ಕೆಂಪು ಬಾಳೆಹಣ್ಣಿನ ಗೊನೆ. ಕಮಲಾಪುರದ ಆ ಬಾಳೆಹಣ್ಣಿನ ವಾಸನೆ ಕಾರಿನ ಸೀಟಿಗೆ ಎಷ್ಟು ಹತ್ತಿತ್ತೆಂದರೆ, ಮಾಮಾನ ಕಕ್ಷಿದಾರರು ಕೇಸು ಸೋತರೂ ಮನೆಗೆ ಹೋಗುವಾಗ ಹಸಿದುಕೊಂಡು ಹೋಗುತ್ತಿದ್ದರಂತೆ. ಇವತ್ತಿಗೂ ಕೆಂಪು ಬಾಳೆಹಣ್ಣು ಸುಲಿದರೆ ನನಗೆ ಎಲ್ಲಿಗೋ ಹೊರಟಂತೆ ಅನಿಸುತ್ತದೆ. ಶಾಲೆಯ ಸೂಟಿಯಲ್ಲಿ ಮಾಮಾನ ಜೊತೆ ಕಮಲಾಪುರಕ್ಕೆ ಹೋಗುವಾಗ ಮಹಾಗಾಂವ ಕ್ರಾಸ್ ದಾಟಿದ ಮೇಲೆ ನಾನು ಕಿಟಕಿಯಿಂದ ಕೈ ಹೊರಗೆ ಹಾಕುತ್ತಿದ್ದೆ, ಮಾಮಿ ಒಳಗೆ ಎಳೆಯುತ್ತಿದ್ದಳು. ಅಷ್ಟೇ ಪ್ರವಾಸ. ಅದಕ್ಕಿಂತ ದೊಡ್ಡ ಪ್ರವಾಸ ನಾನು ಆಮೇಲೆ ಮಾಡಿಲ್ಲ ಎಂದೇ ಹೇಳಬೇಕು.

ನಮ್ಮ ಕಡೆ ಒಂದು ಪದ್ಧತಿಯಿದೆ. ಯಾವ ಶುಭಕಾರ್ಯವಿರಲಿ, ದಸರೆಯ ಖಂಡೇಪೂಜೆಯಿರಲಿ, ಮನೆಗೆ ಅಳಿಯ ಬಂದಿರಲಿ, ಗಾಡಿಯ ಮುಂದೆ ನಿಂತು ಒಂದು ಫೋಟೋ ಆಗಲೇಬೇಕು. ಮುಂದೆ ಎಂದರೆ ಮುಂದೆಯೇ. ಗಾಡಿ ಬಿಟ್ಟು ದೂರ ನಿಂತವನು ದೂರದ ನೆಂಟ. ಹಿರಿಯರು ಬಾನೆಟ್ಟಿಗೆ ಒರಗಬೇಕು, ಹೆಂಗಸರು ಬಾಗಿಲ ಸಾಲಿನಲ್ಲಿ, ಮಕ್ಕಳು ಬಂಪರಿನ ಮೇಲೆ. ಮಾಮಿ ಯಾವಾಗಲೂ ಎಡಗಡೆಯ ಮುಂದಿನ ಬಾಗಿಲಿಗೆ ನಿಲ್ಲುತ್ತಿದ್ದಳು, ಒಂದು ಕೈ ಹಿಡಿಕೆಯ ಮೇಲೆ. ಫೋಟೋ ಮುಗಿದ ಕೂಡಲೇ ಮುಂದಿನ ಸೀಟಿಗೆ ಬೇರೆ ಯಾರೂ ನುಗ್ಗಬಾರದೆಂಬ ಮುಂಜಾಗ್ರತೆ ಅದು. ನಾನು ಕೆಲಸಕ್ಕೆ ಸೇರಿ ಒಂದು ಕ್ಯಾಮೆರಾ ಕೊಂಡ ಮೇಲೆ ತೆಗೆಯುವ ಕೆಲಸ ನನ್ನದಾಯಿತು. "ಮಾಮಿ, ಸ್ವಲ್ಪ ಸರೀರಿ, ಗಾಡಿ ಕಾಣಸವಲ್ದು" ಎಂದರೆ, "ಗಾಡಿ ಎಲ್ಲಿ ಹೋಗ್ತದೋ, ನಾಳೆನೂ ಇಲ್ಲೇ ಇರ್ತದ. ಇಷ್ಟು ಮಂದಿ ಒಂದು ಕಡೆ ಕೂಡೂದು ಅಪರೂಪ, ಮೊದಲ ಮಂದೀದು ತಗಿ" ಎನ್ನುತ್ತಿದ್ದಳು.

ಗಾಡಿ ಹೋಯಿತು. ಮಾಮಾನ ಕಣ್ಣಿಗೆ ಪೊರೆ ಬಂದು, ಡಾಕ್ಟರು ಇನ್ನು ಓಡಿಸಬೇಡಿ ಎಂದಾಗ ಅದನ್ನು ಹುಮನಾಬಾದಿನವರೊಬ್ಬರಿಗೆ ಮಾರಿದರು. ಅಲ್ಲಿಂದ ಅದು ಎಲ್ಲಿಗೋ ಹೋಗಿ ಮೋಡಕಾ ಅಂಗಡಿ ಸೇರಿ ಗುಜರಿಯಾಯಿತು ಎಂದು ಸುದ್ದಿ ಬಂತು. ಅದಾದ ಎರಡು ವರ್ಷಕ್ಕೆ ಮಾಮಿಯೂ ಹೋದಳು. ಆಪರೇಶನ್ ಆಗಿ ಕಣ್ಣು ತಿಳಿಯಾದ ಮೇಲೆ ಮಾಮಾ ಒಂದು ದಿನ ಆಲ್ಬಮ್ಮುಗಳನ್ನೆಲ್ಲ ಹರವಿಕೊಂಡು ಕೂತು ನನಗೆ ಹೇಳಿಕಳಿಸಿದ. ಹೋದೆ. "ಅಲ್ಲೋ, ಇಷ್ಟು ಫೋಟೋ ತಗದೀ. ಎಲ್ಲಾದರಾಗೂ ಬರೇ ಮಂದೀನೇ ಇದ್ದಾರ. ನನ್ನ ಗಾಡಿ ಎಲ್ಲದ?" ಎಂದು ಕೇಳಿದ. ನಾನೂ ಕೂತು ಹುಡುಕಿದೆ. ಒಂದರಲ್ಲಿ ಇಬ್ಬರು ಸೋದರತ್ತೆಯರ ನಡುವೆ ಒಂದು ದೀಪ, ಇನ್ನೊಂದರಲ್ಲಿ ಯಾರದೋ ಅಳಿಯನ ಮೊಣಕೈ ಕೆಳಗೆ ಒಂದು ತುಂಡು ಬಂಪರು, ಮತ್ತೊಂದರಲ್ಲಿ ಅಜ್ಜನ ಧೋತರದ ಸಂದಿಯಲ್ಲಿ ಅರ್ಧ ಗಾಲಿ. ಎಲ್ಲ ತುಂಡುಗಳನ್ನೂ ಕತ್ತರಿಸಿ ಅಂಟಿಸಿದರೂ ಒಂದು ಕಾರಾಗುತ್ತಿರಲಿಲ್ಲ. ಎಡಗಡೆಯ ಮುಂದಿನ ಬಾಗಿಲಂತೂ ಒಂದರಲ್ಲೂ ಇರಲಿಲ್ಲ. "ನನ್ನ ಗಾಡಿ ಪೂರಾ ಹ್ಯಾಂಗಿತ್ತು ಅನ್ನೂದು ಮರಿಯಾಕತ್ತೀನೋ. ಒಂದು ಸಲ ನೋಡಬೇಕು ಅನಿಸ್ತದ" ಎಂದ ಮಾಮಾ. ಕೋರ್ಟಿನಲ್ಲಿ ಅಷ್ಟು ಮೆತ್ತಗೆ ಮಾತಾಡಿದ್ದರೆ ಅವನು ಒಂದು ಕೇಸೂ ಗೆಲ್ಲುತ್ತಿರಲಿಲ್ಲ. ಊರ ಮಂದಿಯ ಕಾರಿಗೆಲ್ಲ ರೀಲು ಹಾಕಿದ ನಾನು, ಮನೆಯ ಗಾಡಿ ಎಲ್ಲಿ ಹೋಗುತ್ತದೆಂದು ಅದನ್ನೊಂದನ್ನೇ ಬಿಟ್ಟಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಚಳಿಗಾಲದಲ್ಲಿ ಕಲಬುರಗಿಯ ಶಾಲೆಯೊಂದರ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ಏರ್ಪಟ್ಟಿತು. ನಾನು ತಯಾರಿ ನಡೆಸಿದೆ. ಸ್ಟೇಶನ್ ಬಜಾರಿನ ಪುಸ್ತಕದಂಗಡಿಯಲ್ಲಿ ಸಿಕ್ಕ ಹಳೆಯ ಛಾಯಾಗ್ರಹಣದ ಮಾಸಪತ್ರಿಕೆಯೊಂದರಲ್ಲಿ ನಿಂತ ಕಾರಿನ ಫೋಟೋ ತೆಗೆಯುವ ಬಗೆಯನ್ನು ಹೇಳಿದ್ದರು. ಬಿಸಿಲೇರುವ ಮುಂಚೆ ಹೋಗಬೇಕು. ನಿಂತು ತೆಗೆಯಬಾರದು, ದೀಪದ ಮಟ್ಟಕ್ಕೆ ಬಗ್ಗಬೇಕು. ಮುಂದಿನ ಗಾಲಿ ತುಸು ಹೊರಳಿರಬೇಕು. ಹಿಂದಿನ ಲೈಟಿನ ಕಂಬ ಕಾರಿನ ನೆತ್ತಿಯಿಂದ ಹುಟ್ಟಿದಂತೆ ಕಾಣಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಾಳ್ಮೆಯಿಂದ ಕಾದು, ಚೌಕಟ್ಟಿನಲ್ಲಿ ಒಬ್ಬ ಮನುಷ್ಯನೂ ಇಲ್ಲದ ಗಳಿಗೆಯಲ್ಲಿ ಒತ್ತಬೇಕು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಹಾಗೆ ನಾನು ಇಲ್ಲಿಯವರೆಗೆ ಕ್ಯಾಮೆರಾವನ್ನೇ ಬೈಯುತ್ತಿದ್ದೆ. ತಪ್ಪು ಎಲ್ಲಿತ್ತೆಂದು ಈಗ ತಿಳಿಯಿತು. ಆದರೆ ಆ ಪತ್ರಿಕೆಯಲ್ಲಿ ಬರೆದವರು ಕಲಬುರಗಿಗೆ ಬಂದವರಲ್ಲ. ಇಲ್ಲಿ ಮನುಷ್ಯನಿಲ್ಲದ ಗಳಿಗೆ ಎಂಬುದು ಪಂಚಾಂಗದಲ್ಲೇ ಇಲ್ಲ.

ಮೈದಾನದಲ್ಲಿ ನೋಡುತ್ತೇನೆ, ಮೂರನೆಯ ಸಾಲಿನಲ್ಲಿ ಮಾಮಾನ ಕಾರು. ಮಾಮಾನದಲ್ಲ, ಆದರೆ ಅದೇ ಬೆಣ್ಣೆ ಬಣ್ಣ, ಅದೇ ದುಂಡು ಬೆನ್ನು. ನನಗೆ ಅರಿವಿಲ್ಲದೆ ಒಮ್ಮೆ ಉಸಿರೆಳೆದು ಬಾಳೆಹಣ್ಣಿನ ವಾಸನೆ ಬರುತ್ತದೆಯೋ ಎಂದು ನೋಡಿದೆ. ಬರೀ ಪಾಲಿಶಿನ ವಾಸನೆ. ಪತ್ರಿಕೆ ಹೇಳಿದಂತೆ ಎರೆಮಣ್ಣಿನಲ್ಲಿ ಮೊಣಕಾಲೂರಿ ಬಗ್ಗಿದೆ. ತಕ್ಷಣ ಒಬ್ಬರು ಬಂದು ಪಕ್ಕದಲ್ಲೇ ಬಗ್ಗಿ, "ಏನ್ ಕಳಕೊಂಡೀರಿ? ಕೀಲಿಕೈ ಏನ್ರಿ?" ಎಂದರು. ಏನೂ ಇಲ್ಲವೆಂದೆ. ಸಂಕೋಚಕ್ಕೆ ಹೇಳುತ್ತಿದ್ದೇನೆಂದುಕೊಂಡು ಅವರು ಇನ್ನಿಬ್ಬರನ್ನು ಕರೆದರು. ಸ್ವಲ್ಪ ಹೊತ್ತಿನಲ್ಲಿ ಕಾರಿನ ಕೆಳಗೆ ನಾಲ್ಕು ಜನ ನನ್ನ ಕೀಲಿಕೈ ಹುಡುಕುತ್ತಿದ್ದರು. ಅವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಕಾರಿನ ಒಡೆಯರು ಬಂದರು. ನಂದೂರಿನಲ್ಲಿ ಬೇಳೆ ಗಿರಣಿ ಇಟ್ಟಿದ್ದ ಶರಣಪ್ಪನವರು; ಬಿಳಿ ಅಂಗಿ, ತಲೆಗೆ ಟೋಪಿ, ಹಣೆಯ ಮೇಲೆ ವಿಭೂತಿ. ಬಂದವರೇ ಎದೆ ಸೆಟೆಸಿ ದೀಪಕ್ಕೆ ಅಡ್ಡ ನಿಂತು, "ಹ್ಞೂಂ, ತಗೀರಿ" ಎಂದರು.

"ಬರೇ ಗಾಡೀದು ಬೇಕಾಗಿತ್ರಿ" ಎಂದೆ.

ಶರಣಪ್ಪನವರ ಮುಖ ಇಳಿಯಿತು. "ಬರೇ ಗಾಡೀದು ಯಾಕ್ರಿ? ಬರೇ ಗಾಡಿ ಫೋಟೋ ಪೊಲೀಸರು ತಗೀತಾರ, ಆಕ್ಸಿಡೆಂಟ್ ಆದಾಗ. ಪಂಚನಾಮೆಕ್ಕ. ನಡಿಯೋ ಗಾಡೀಗಿ ಹಂಗ ತಗೀಬಾರದು, ಛಲೋ ಅಲ್ಲ."

ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ನಮ್ಮ ಕಡೆ ಮನುಷ್ಯನಿಲ್ಲದ ಗಾಡಿಯ ಫೋಟೋ ಎಂದರೆ ಅದೊಂದೇ. ಮಾಮಾನ ಕೇಸುಗಳಲ್ಲಿ ಅಂಥವನ್ನು ನಾನೇ ನೋಡಿದ್ದೆ. ಬೇರೆ ದಾರಿ ಕಾಣದೆ ಅವರಿಗೆ ಮಾಮಾನ ಕಥೆ ಹೇಳಿದೆ. ಗಾಡಿ ಹೋದದ್ದು, ಆಲ್ಬಮ್ಮಿನಲ್ಲಿ ಅದು ಚೂರುಚೂರಾಗಿ ಕೂತದ್ದು, ಒಂದು ಸಲ ಪೂರಾ ನೋಡಬೇಕೆಂಬ ಅವನ ಆಸೆ. ಶರಣಪ್ಪನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಂಗಂತೀರಿ? ಆತು, ಒಂದೇ ತಗೀರಿ. ತಗದ ಕೂಡಲೇ ನಾ ಬಂದು ನಿಂದರ್ತೀನಿ, ಅದೊಂದು ತಗೀರಿ. ಗಾಡಿ ದೃಷ್ಟಿ ಹೋಗ್ಲಿ" ಎಂದು ತೀರ್ಪು ಕೊಟ್ಟರು. ಕೊಟ್ಟ ಮೇಲೆ ಹಿಂದೆ ಸರಿಯುವ ಆಸಾಮಿಯಲ್ಲ. ಎರಡೂ ಕೈ ಚಾಚಿ, "ಸರೀರಿ, ಸರೀರಿ, ಸಾಹೇಬ್ರು ಬರೇ ಗಾಡಿ ತಗೀತಾರ" ಎಂದು ಇಡೀ ಸಾಲನ್ನೇ ಹಿಂದಕ್ಕೆ ತಳ್ಳಿದರು. ನಾನು ಒತ್ತಿದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದಿರಲಿಲ್ಲ. ಕಂಬವಿಲ್ಲ, ಮಂದಿಯಿಲ್ಲ, ಗಾಲಿ ತುಸು ಹೊರಳಿದೆ, ಎಳೆಬಿಸಿಲು ಬಾಗಿಲ ಮೇಲೆ ಮಲಗಿದೆ. ಆಮೇಲೆ ಮಾತಿನಂತೆ ಶರಣಪ್ಪನವರು ನಿಂತದ್ದನ್ನೂ ಒಂದು ತೆಗೆದೆ.

ಬರೀ ಗಾಡಿಯ ಫೋಟೋವನ್ನು ದೊಡ್ಡದಾಗಿ ತೊಳೆಸಿ ಕಟ್ಟು ಹಾಕಿಸಿ ಮುಂದಿನ ಭಾನುವಾರ ಬಸ್ಸಿನಲ್ಲಿ ಕಮಲಾಪುರಕ್ಕೆ ಒಯ್ದೆ. ಮಾಮಾ ಕನ್ನಡಕ ಒರೆಸಿಕೊಂಡು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡ. ಸೊಸೆ ತಂದಿಟ್ಟ ಚಹಾ ಆರಿತು. "ಬರೋಬ್ಬರಿ ಅದ. ಹಿಂಗೇ ಇತ್ತು" ಎಂದ. ಆಮೇಲೆ ಹಳೆಯ ಆಲ್ಬಮ್ಮನ್ನು ಎಳೆದುಕೊಂಡು ಅದರ ಪಕ್ಕದಲ್ಲಿ ತೆರೆದಿಟ್ಟು, ಹೊಸ ಫೋಟೋದ ಗಾಜಿನ ಮೇಲೆ ಬೆರಳಿಟ್ಟು ಜಾಗ ಹಂಚತೊಡಗಿದ. "ಇಲ್ಲೆ ನಿಮ್ಮಜ್ಜ. ಇಲ್ಲೆ ನಿಮ್ಮವ್ವ, ಆಕಿಗಿ ಬಿಸಿಲಾಗ್ತಿತ್ತು, ಮಾರಿ ಗಂಟಿಕ್ಕಿರ್ತಿದ್ದಳು. ಇಲ್ಲೆ..." ಎಂದು ಎಡಗಡೆಯ ಮುಂದಿನ ಬಾಗಿಲಿಗೆ ಬಂದು ನಿಂತ. ಬೆರಳು ಅಲ್ಲಿಂದ ಏಳಲಿಲ್ಲ. ನಾನು ಇಷ್ಟು ಕಷ್ಟಪಟ್ಟು ಬಿಡಿಸಿ ತಂದ ಬಾಗಿಲು ಅದು, ಹಿಡಿಕೆ ಥಳಥಳ ಹೊಳೆಯುತ್ತಿತ್ತು.

"ನೀ ಎಲ್ಲಿ ನಿಂದರತಿದ್ದಿ?" ಎಂದು ಕೇಳಿದ.

"ನಾ ಕ್ಯಾಮೆರಾದ ಹಿಂದ ಇರ್ತಿದ್ದೆ, ಮಾಮಾ."

"ಹಂಗಾದ್ರ ಯಾವದರಾಗೂ ಇಲ್ಲೇನು ನೀ?" ಎಂದು ಆಲ್ಬಮ್ಮು ತಿರುವಿ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಮುಚ್ಚಿದ.

ಆ ಫೋಟೋವನ್ನು ಮಾಮಾ ತನ್ನ ಕಚೇರಿ ಕೋಣೆಯಲ್ಲೇ ತೂಗುಹಾಕಿದ. ಹಾಕಿದ್ದು ಫಜೀತಿಯಾಯಿತು. ಸಲಹೆ ಕೇಳಲು ಬಂದ ಪ್ರತಿಯೊಬ್ಬ ಕಕ್ಷಿದಾರನೂ ಗೋಡೆಯ ಮೇಲೆ ಬರೀ ಗಾಡಿ ನೋಡಿ, ಚಪ್ಪಲಿ ಬಿಡುವ ಮೊದಲೇ ದನಿ ತಗ್ಗಿಸಿ, "ವಕೀಲ್ರ, ಇದರಾಗ ಯಾರಿಗರೆ ಏನರೆ ಆಗಿತ್ತೇನ್ರಿ?" ಎಂದು ಕೇಳುತ್ತಿದ್ದ. ಮೊದಮೊದಲು ನಾನು ಇದನ್ನು ಕೇಳಿ ನಕ್ಕೆ. ಒಂದು ಭಾನುವಾರ ನಾನಿದ್ದಾಗಲೇ ಒಬ್ಬ ರೈತ ಬಂದು ಹಾಗೇ ಕೇಳಿದ. ಮಾಮಾ ಕಾಗದದಿಂದ ಕಣ್ಣೆತ್ತಲಿಲ್ಲ. "ಏನೂ ಆಗಿಲ್ಲಪಾ. ಮಂದಿ ಇಳದು ಹೋಗ್ಯಾರ, ಅಷ್ಟೇ" ಎಂದ. ಅಂದು ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮಹಾಗಾಂವ ಕ್ರಾಸಿನವರೆಗೂ ಮಾಮಿಯ ನೆನಪು ಬಿಡಲಿಲ್ಲ. ಒಂದು ಹೆಜ್ಜೆ ಸರಿಯಿರಿ ಎಂದು ಎಷ್ಟು ಸಲ ಅಂದರೂ ಸರಿಯದವಳು ಒಮ್ಮೆಲೇ ಹೀಗೆ ಸರಿದುಬಿಟ್ಟರೆ ಯಾರಾದರೂ ಏನು ಮಾಡಬೇಕು?

ಮರುವರ್ಷ ಅದೇ ಮೈದಾನದಲ್ಲಿ ಮತ್ತೆ ಪ್ರದರ್ಶನವಾಯಿತು. ಮಂದಿಯಿರುವ ಫೋಟೋ ತೆಗೆಯಬೇಕು, ಮಕ್ಕಳು ಬಂಪರಿನ ಮೇಲೆ, ಹೆಂಗಸರು ಬಾಗಿಲಿಗೆ ಎಂದು ಆಸೆ ಕಟ್ಟಿಕೊಂಡು ಹೋದೆ. ಆದರೆ ಶರಣಪ್ಪನವರು ನನ್ನನ್ನು ದೂರದಿಂದಲೇ ಗುರುತಿಸಿದರು. ಹಿಂದಿನ ವರ್ಷದ ಬರೀ ಗಾಡಿಯ ಫೋಟೋದ ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದೆ. ಗಾಡಿಗೂ ವರ್ಷವಿಡೀ ಏನೂ ಆಗಿರಲಿಲ್ಲ. ಅವರಿಗೆ ನನ್ನ ವಿದ್ಯೆಯಲ್ಲಿ ಪೂರ್ಣ ನಂಬಿಕೆ ಬಂದಿತ್ತು. "ಸರೀರಿ ಎಲ್ಲಾರೂ, ಅಡ್ಡ ಬರಬ್ಯಾಡ್ರಿ, ಸಾಹೇಬ್ರಿಗಿ ಖಾಲಿ ಗಾಡಿ ಬೇಕು" ಎಂದು ಕೂಗಿ, ಆಗಷ್ಟೇ ದೀಪಕ್ಕೆ ಒರಗಿ ನಿಂತಿದ್ದ ಒಂದು ಕುಟುಂಬವನ್ನು ಅಜ್ಜಿ ಸಮೇತ ಓಡಿಸಿದರು. ಬೇಡ, ಅವರು ನಿಲ್ಲಲಿ ಎಂದರೆ ಕೇಳಲೊಲ್ಲರು. ಮೈದಾನದ ನಡುವೆ ಬೆಣ್ಣೆ ಬಣ್ಣದ ಕಾರು ಒಂದೇ ನಿಂತಿತ್ತು, ಸುತ್ತಲೂ ಜನ ಮರ್ಯಾದೆಯಿಂದ ದೂರ.

ನಾನು ಕ್ಯಾಮೆರಾವನ್ನು ಶರಣಪ್ಪನವರ ಕೈಗೆ ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದೆ. ಹೋಗಿ ಬಾನೆಟ್ಟಿಗೆ ಬೆನ್ನು ಕೊಟ್ಟು, ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಎಡಗಡೆಯ ಬಾಗಿಲ ಹತ್ತಿರ ಮಾತ್ರ ಹೋಗಲಿಲ್ಲ; ಅದು ಒಬ್ಬರು ಹಿಡಿದಿಟ್ಟ ಜಾಗ. ಶರಣಪ್ಪನವರು ಒಂದು ಕಣ್ಣು ಮುಚ್ಚಿ, ಮೊಣಕಾಲೂರಿ, ನನ್ನಂತೆಯೇ ಬಹಳ ಹೊತ್ತು ನೋಡಿದರು.

"ಸಾಹೇಬ್ರ, ಸ್ವಲ್ಪ ಸರೀರಿ. ಗಾಡಿ ಕಾಣಸವಲ್ದು."

"ಇರಲಿ, ತಗೀರಿ" ಎಂದೆ. "ಗಾಡಿ ನಾಳೆನೂ ಇರ್ತದ."