ಭಾವನ ಅರವತ್ತನೆಯ ದಿನ

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ಜಾಲಾಡಿದರೂ ಹಬ್ಬಕ್ಕೆ ಹೊರಟವರಂತೆ ತೆರಿಗೆ ಕಟ್ಟಲು ಹೋಗುವ ಮನುಷ್ಯ ಒಬ್ಬನೇ ಸಿಗುತ್ತಾನೆ. ಅವನು ನನ್ನ ಅಕ್ಕನ ಗಂಡ! ಹುಟ್ಟಿದ್ದು ಬೆಲ್ಜಿಯಂನಲ್ಲಿ, ಏಳು ವರ್ಷದಿಂದ ಇರುವುದು ಕುಲಗೋಡದ ನನ್ನ ತವರುಮನೆಯಲ್ಲಿ. ನಮ್ಮ ಮಾತು ಕಲಿತ, ರೊಟ್ಟಿ ಬಡಿಯುವುದನ್ನೂ ಕಲಿತ. ಐದು ರೂಪಾಯಿ ಬಿಟ್ಟುಕೊಡುವುದನ್ನು ಮಾತ್ರ ಕಲಿಯಲಿಲ್ಲ.

ಏಪ್ರಿಲ್‌ನಲ್ಲಿ ಮನೆ ತೆರಿಗೆ ಕಟ್ಟಿದರೆ ರಿಯಾಯಿತಿ ಎಂದು ತಿಳಿದದ್ದೇ ತಡ, ಪಂಚಾಯ್ತಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಕೂತ.

"ಏನ್ರಿ ಸಾಹೇಬ್ರ, ತಕರಾರ ಐತೇನ್ರಿ?" ಎಂದರು ಪಂಚಾಯ್ತಿಯವರು.

"ಇಲ್ರಿ, ರೊಕ್ಕ ಕಟ್ಟಾಕ ಬಂದೇನಿ!"

ಅವರು ಖುಷಿಯಿಂದ ಚಹಾ ತರಿಸಿದರು. ಭಾವ ಚಹಾಕ್ಕೂ ರಸೀದಿ ಕೇಳಲಿಲ್ಲವಲ್ಲ, ಪುಣ್ಯ! ಮರುವರ್ಷ ನಮ್ಮ ಓಣಿಗೆ ಓಣಿಯೇ ಅವನ ಹಿಂದೆ ಸಾಲು ನಿಂತು ರಿಯಾಯಿತಿ ಗೆದ್ದು ಬಂತು.

ಆದರೆ ಮಠದಲ್ಲಿ ಕೇಳಿಯೇಬಿಟ್ಟ! ದಾನ ಕೊಟ್ಟರೆ ತೆರಿಗೆ ಉಳಿಯುತ್ತದೆಂದು ಓದಿ, ದಾಸೋಹಕ್ಕೆ ಅವ್ವ ಕೊಟ್ಟ ಚೀಲ ಜೋಳಕ್ಕೆ ರಸೀದಿ ಬೇಕೆಂದ. ಅವ್ವನಿಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆ. ಸ್ವಾಮಿಗಳು ನಕ್ಕರು: "ಆಗಲೇಳಪಾ, ಮೊದಲ ಉಣ್ಣು."

ಗೋಕಾಕದ ತೆರಿಗೆ ಸಲಹೆಗಾರರು ಕೊನೆಗೆ ತೀರ್ಪು ಕೊಟ್ಟರು: "ರೊಕ್ಕ ಕೊಟ್ಟಿದ್ರ ನೋಡಬಹುದಿತ್ರಿ. ಜೋಳಕ್ಕ ನಡಿಯೂದಿಲ್ಲ."

"ಛಲೋ ಆತು!" ಎಂದಳು ಅವ್ವ.

ಆ ಸಲಹೆಗಾರರೇ ಈ ಏಪ್ರಿಲ್‌ನಲ್ಲಿ ದೊಡ್ಡ ಉಳಿತಾಯದ ದಾರಿ ತೋರಿಸಿದರು. "ಈ ತೆರಿಗಿ ವರ್ಷದಾಗ ಅರವತ್ತು ದಿನ ಇಲ್ಲಿದ್ರ ನೀವು ಇಲ್ಲಿಯವರಂತನ ಲೆಕ್ಕರಿ. ಅದು ತುಂಬೂದ್ರಾಗ ನಿಮ್ಮ ದೇಶಕ್ಕ ಹೋಗ್ರಿ. ಮಾರ್ಚ್ ಮುಗಿಯೂತನಕ ಬರಬ್ಯಾಡ್ರಿ. ಅಲ್ಲಿ ಬ್ಯಾಂಕಿನ್ಯಾಗ ಇಟ್ಟ ರೊಕ್ಕದ ಬಡ್ಡಿಗೆ ಇಲ್ಲಿ ತೆರಿಗಿ ಬೀಳೂದಿಲ್ಲ."

ಭಾವ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯತೊಡಗಿದ. ಯಾಕೆಂದು ಕೇಳಿದರೆ, "ಲೆಕ್ಕ ಬೇಕಲ್ರಿ!" ಎಂದಷ್ಟೇ. ಐದು ರೂಪಾಯಿ ಬಿಡದವನು ಇಷ್ಟೊಂದು ಬಿಟ್ಟಾನೆಯೇ? ಅವನು ಹೊರಟರೆ ಅಕ್ಕನೂ ಹೊರಟಂತೆ. ಹತ್ತು ತಿಂಗಳು ಮಗಳೂ ಇಲ್ಲ, ಅಳಿಯನೂ ಇಲ್ಲ ಎಂದು ಅವ್ವನಿಗೆ ಊಟ ಸೇರದಾಯಿತು.

ಒಂದು ದಿನ ಹುಕ್ಕೇರಿಯಲ್ಲಿದ್ದ ನನಗೆ ಅವ್ವನ ಫೋನು: "ಯಾರ ಮುಂದೂ ಹೇಳಬ್ಯಾಡ. ಅಳ್ಯಾನ ಪಾಸ್‌ಪೋರ್ಟ್ ಜೋಳದ ಡಬ್ಬ್ಯಾಗ ಹುಗದಿಟ್ಟೇನಿ!"

ಬುದ್ಧಿ ಹೇಳಿದೆ, ಬೈದೆ. ಕೇಳಲಿಲ್ಲ. ಇನ್ನೆರಡು ದಿನ ಉಳಿದಾಗ ನಾನೇ ಕುಲಗೋಡಕ್ಕೆ ಓಡಿದೆ. ಭಾವ ಪಾಸ್‌ಪೋರ್ಟ್ ಹುಡುಕುವ ಸುಳಿವೇ ಇಲ್ಲ.

ಅರವತ್ತನೆಯ ದಿನ ಕೊನೆಯ ಗೆರೆ ಎಳೆದವನೇ ಎರಡೂ ಕೈ ಮೇಲೆತ್ತಿ ಕೂಗಿದ: "ಅವ್ವಾ, ಅರವತ್ತು ತುಂಬಿತ್ರಿ! ಈ ವರ್ಷನೂ ನಾ ಇಲ್ಲಿಯವನ! ಇನ್ನ ತೆರಿಗಿ ಕಟ್ಟೂದ!"

ಅವ್ವ ಮುಖ ಸಣ್ಣದು ಮಾಡಿಕೊಂಡು ಡಬ್ಬಿಗೆ ಕೈ ಹಾಕಿದಳು. "ತಪ್ಪಾತ್ರಿ, ಅಳ್ಯಾರ."

"ನನಗ ಗೊತ್ತಿತ್ರಿ. ಜೋಳ ಗಿರಣಿಗೆ ಒಯ್ಯಾಂವ ನಾನ ಅಲ್ಲೇನ್ರಿ? ಎರಡ ಸಲ ಸಿಕ್ಕಿತ್ತು. ತಿರುಗಿ ಅಲ್ಲೇ ಇಟ್ಟೆ."

"ಮತ್ತ ಒಂದ ಮಾತ ಹೇಳಬಾರದಿತ್ತೇನ್ರಿ?"

"ನನ್ನ ಹೋಗಗೊಡಬಾರದಂತ ಇಷ್ಟ ಯಾರೂ ಒದ್ದಾಡಿದ್ದಿಲ್ರಿ, ಅವ್ವಾ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅವನನ್ನು ನೋಡಿ ಏಳು ವರ್ಷ ನಕ್ಕವಳು ನಾನು, ನಾನೂ ಅತ್ತೆ.